ಕಾಲಿನ ಉರಿ

ಬ್ಯಾಡಗಿಯ ಮೆಣಸಿನಕಾಯಿ ಖಾರಕ್ಕಿಂತ ಕೆಂಪಿಗೆ ಹೆಸರಾದುದು. ಅದರ ತೊಟ್ಟು ಬಿಡಿಸುವ ತಾಯಿಯೊಬ್ಬಳು ಕಾಲುರಿಯನ್ನು ತಿಂಗಳುಗಟ್ಟಲೆ ಖಾರದ ಮೇಲೆಯೇ ಹೊರಿಸಿ, ಎಣ್ಣೆ ಸವರಿಕೊಂಡು ಸುಮ್ಮನಿದ್ದಳು. ಕಡೆಗೆ ಮಗ ಹಾವೇರಿಯ ವೈದ್ಯರಲ್ಲಿಗೆ ಕರೆತಂದನು.

“ಖಾರ ಮುಟ್ಟೋದು ಕೈ. ಕಾಲು ಯಾಕ ಉರೀತಾವ, ಯವ್ವಾ?” ಎಂದರು ಅವರು.

ಬರಿಹೊಟ್ಟೆಯಲ್ಲಿ ನೂರು ಮಿಲಿಲೀಟರು ರಕ್ತಕ್ಕೆ 126 ಮಿಲಿಗ್ರಾಂ ಸಕ್ಕರೆ ಮುಟ್ಟಿದರೆ ಮಧುಮೇಹ, ಆಕೆಯದು 240. ಪಾದದ ನರಗಳು ಸವೆಯತೊಡಗಿದ್ದವು. ಇನ್ನೂ ತಡವಾಗಿದ್ದರೆ ಕಾಲೇ ಹೋಗಬಹುದಿತ್ತು.

ಹಾವೇರಿಯಲ್ಲಾಗಲಿ ರಾಣೆಬೆನ್ನೂರಿನಲ್ಲಾಗಲಿ, ಜನ ‘ಫಿಜಿಷಿಯನ್’ ಎನ್ನುವ ಈ ವೈದ್ಯರು ಶಸ್ತ್ರ ಹಿಡಿಯುವವರಲ್ಲ. ವಯಸ್ಕರ ಜ್ವರ, ರಕ್ತದೊತ್ತಡ, ಹೃದಯ, ಶ್ವಾಸಕೋಶ, ಮೂತ್ರಪಿಂಡಗಳ ಬೇನೆಗಳನ್ನು ಒಂದರೊಡನೊಂದು ಹೊಂದಿಸಿ ನೋಡುವವರು. ಕೇಳುವ ಪ್ರಶ್ನೆಯೇ ಅವರ ಮೊದಲ ಮದ್ದು.

ಆ ತಾಯಿ ಈಗಲೂ ಮೆಣಸಿನಕಾಯಿ ಬಿಡಿಸುತ್ತಾಳೆ. ನೋವರಿಯದ ಗಾಯ ಅಡಗಿದ್ದೀತೆಂದು ಮಲಗುವ ಮುನ್ನ ಅಂಗಾಲನ್ನು ಬೆಳಕಿಗೆ ಹಿಡಿದು ನೋಡಿಕೊಳ್ಳುತ್ತಾಳೆ.