ಬೈಲು, ಮಜಲು, ಬೆಟ್ಟು

ಕರಾವಳಿಯ ನಮ್ಮ ಹಿರಿಯರು ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸಿದ್ದರು. ಕಣಿವೆಯ ತಳದ ಬೈಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆ, ಮಜಲಿನಲ್ಲಿ ಎರಡು, ಎತ್ತರದ ಬೆಟ್ಟಿನಲ್ಲಿ ಮಳೆಗಾಲದ್ದು ಮಾತ್ರ. ಮೇಲ್ನೋಟಕ್ಕೆ ಇದು ಕಂದಾಯದ ಲೆಕ್ಕ. ನನಗಾದರೋ ಇದು ನೀರು ನೆಲದೊಳಗೆ ನಡೆಯುವ ದಾರಿಯ ನಕ್ಷೆಯೆಂದೇ ತೋರುತ್ತದೆ.

ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ. ವಿಜಯಪುರದ ಕಡೆ 600ರ ಆಸುಪಾಸು. ಆದರೂ ಅಲ್ಲಿನ ಎರೆಭೂಮಿಯಲ್ಲಿ ಹಿಂಗಾರಿಗೆ ಬಿತ್ತಿದ ಬಿಳಿಜೋಳ ಮಣ್ಣಿನಲ್ಲಿ ಉಳಿದ ತೇವವನ್ನೇ ಉಂಡು ತೆನೆಗಟ್ಟುತ್ತದೆ. ಇಲ್ಲಿಯೋ, ಏಪ್ರಿಲ್ ಬರುವಷ್ಟರಲ್ಲಿ ಗುಡ್ಡದ ಮನೆಗಳ ಬಾವಿಗಳಲ್ಲಿ ತಳದ ಕಲ್ಲು ಕಾಣುತ್ತದೆ. ಎರೆಮಣ್ಣಿನ ಕಣಗಳು ಅತಿಸೂಕ್ಷ್ಮ. ಅವುಗಳ ನಡುವಿನ ಕಿರಿದಾದ ಸಂದುಗಳು ನೀರನ್ನು ಬಿಗಿಯಾಗಿ ಹಿಡಿಯುತ್ತವೆ. ಬೇಸಿಗೆಯಲ್ಲಿ ಬಿರಿದ ನೆಲ ಮೊದಲ ಮಳೆಯನ್ನು ಗಟಗಟನೆ ಕುಡಿದು, ಉಬ್ಬಿ, ಬಾಯಿ ಮುಚ್ಚಿಕೊಳ್ಳುತ್ತದೆ. ಆಮೇಲಿನ ಮಳೆ ಬಹಳಷ್ಟು ಮೇಲೆಯೇ ಹರಿದುಹೋಗುವುದರಿಂದ ಅಲ್ಲಿಯ ರೈತರಿಗೆ ಒಡ್ಡು ಬೇಕು. ಬಿತ್ತುವವನ ಸಾಮತಿಯಲ್ಲಿ ಬಂಡೆಯ ಮೇಲಿನ ಮೊಳಕೆ ಒಣಗಿದ್ದು ತೇವವಿಲ್ಲದೆ ಎಂದು ಹೇಳುವವನು ಲೂಕನೊಬ್ಬನೇ. ಜೋಳದ ಹೊಲದ ಬದುವಿನಲ್ಲಿ ನಿಂತರೆ ಆ ಮಾತಿನ ತೂಕ ತಿಳಿಯುತ್ತದೆ.

ನಮ್ಮ ಮುರಕಲ್ಲಿನ ಸ್ವಭಾವವೇ ಬೇರೆ. 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ ಫ್ರಾನ್ಸಿಸ್ ಬುಕಾನನ್ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟನು. ಮೈಯೆಲ್ಲ ತೂತುಗಳಿರುವ ಈ ಕಲ್ಲು ನೀರನ್ನು ಬೇಗ ಇಳಿಸಿಕೊಳ್ಳುತ್ತದೆ, ಹೆಚ್ಚು ಕಾಲ ಇಟ್ಟುಕೊಳ್ಳುವುದಿಲ್ಲ. ಕೆಳಗಿರುವ ಶೇಡಿಮಣ್ಣು ಇಳಿದ ನೀರನ್ನು ತಡೆಯುತ್ತದೆ. ತಡೆದ ನೀರು ಅಡ್ಡಲಾಗಿ ಜಾರಿ ಗುಡ್ಡದ ಬುಡದಲ್ಲಿ ಒರತೆಯಾಗಿ ಹೊರಬಿದ್ದು ತೋಡನ್ನೂ ಸಮುದ್ರವನ್ನೂ ಸೇರುತ್ತದೆ. ಈ ಅಡ್ಡದಾರಿಯನ್ನೇ ಹಿಡಿಯಲು ಬಂಟ್ವಾಳ, ಕಾಸರಗೋಡಿನ ಕಡೆಯವರು ಗುಡ್ಡಕ್ಕೆ ಸುರಂಗ ಕೊರೆದರು. 2022ರಲ್ಲಿ ಪದ್ಮಶ್ರೀ ಪಡೆದ ಅಮೈ ಮಹಾಲಿಂಗ ನಾಯ್ಕರು ಕೂಲಿಯ ಕೆಲಸ ಮಾಡುತ್ತಲೇ, ತೋಡಿದ ಕೆಲವು ಸುರಂಗಗಳು ಬರಿದಾದರೂ ಬಿಡದೆ, ಒಬ್ಬರೇ ಅಗೆದು ನೀರು ತಂದವರು.

ಈಗ ಮನೆ ಆಶೀರ್ವಾದಕ್ಕೆ ಹೋದಲ್ಲೆಲ್ಲ ಅಂಗಳಕ್ಕೆ ಇಂಟರ್‌ಲಾಕ್ ಹಾಸಿದ್ದನ್ನು ಕಾಣುತ್ತೇನೆ. ಅದಿರಲಿ, ನನ್ನನ್ನು ಹೆಚ್ಚು ಕಾಡುವುದು ಬೈಲು. ಗದ್ದೆಯಲ್ಲಿ ತಿಂಗಳುಗಟ್ಟಲೆ ನಿಂತ ನೀರು ಕಣಿವೆಯ ಅಂತರ್ಜಲವನ್ನು ಮೇಲೆಯೇ ನಿಲ್ಲಿಸುತ್ತಿತ್ತು. ಹಾಗಾಗಿ ಗುಡ್ಡದ ನೀರು ನಿಧಾನವಾಗಿ ಕೆಳಗಿಳಿಯುತ್ತಿತ್ತು. ಬೈಲಿಗೆ ಮಣ್ಣು ತುಂಬಿ, ಆಳದ ಚರಂಡಿ ತೆಗೆದು, ನಿವೇಶನ ಮಾಡಿದರೆ ಕೆಳಗಿನ ತಡೆ ಹೋಗುತ್ತದೆ, ಮೇಲಿನ ಮನೆಯವರ ಬಾವಿ ಬೇಗನೆ ಬತ್ತುತ್ತದೆ. ಮಾರಿದವನು ಒಬ್ಬ, ಕೊಂಡವನು ಇನ್ನೊಬ್ಬ. ಕೊಡ ಹಿಡಿದು ಟ್ಯಾಂಕರಿಗೆ ಕಾಯುವವರು ಪತ್ರಕ್ಕೆ ಸಹಿ ಹಾಕಿದವರೇ ಅಲ್ಲ. ಅವರ ಪೈಕಿ ಹೆಚ್ಚಿನವರು ಬೆಟ್ಟಿನಲ್ಲಿ ಐದು ಸೆಂಟ್ಸ್ ಜಾಗ ಇರುವವರು.

ಕೆಲವು ಊರುಗಳಲ್ಲಿ ತೋಡಿಗೆ ಕಟ್ಟ ಹಾಕುವ ಕ್ರಮ ಮತ್ತೆ ಆರಂಭವಾಗಿದೆ. ಹರಿವು ತಗ್ಗಿದರೂ ನಿಲ್ಲದಿರುವ ನವೆಂಬರ್–ಡಿಸೆಂಬರಿನಲ್ಲಿಯೇ ಅದನ್ನು ಮುಗಿಸಬೇಕು. ಹಾರೆ, ಬುಟ್ಟಿ, ಮಣ್ಣು ತುಂಬಿದ ಗೋಣಿಚೀಲ, ಊರಿನ ಹತ್ತಿಪ್ಪತ್ತು ಜನ. ಒಂದೆರಡು ದಿನಗಳ ಕೆಲಸ.