ಚುಕ್ಕಿ ಹಿಡಿದು ಹೊರಟವರಿಗೆ ಗೆರೆ ಸಿಕ್ಕಿತು

ಮೆಟ್ಟಿಲು ಇಳಿದು ಬನ್ನಿ, ಜೋಪಾನ, ಇಲ್ಲಿ ಬೆಳಕು ಕಡಿಮೆ. ಇಸವಿ 1958. ಊರು ಅಮೆರಿಕದ ಬಾಲ್ಟಿಮೋರ್. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ವಿಲ್ಮರ್ ನೇತ್ರ ಸಂಸ್ಥೆಯ ನೆಲಮಾಳಿಗೆಯಲ್ಲಿದ್ದೀರಿ. ಕೋಣೆಗೆ ಕಿಟಕಿಯೇ ಇಲ್ಲ. ಕಣ್ಣಿನ ಪ್ರಯೋಗ ಮಾಡುವವರಿಗೆ ಬೇಕಿರುವುದೂ ಕತ್ತಲೇ.

ಕಣ್ಣು ಹೊಂದಿಕೊಳ್ಳುವವರೆಗೆ ಕಿವಿಗೊಟ್ಟು ಕೇಳಿ. ಸ್ಟೇಷನ್ನು ಸರಿಯಾಗಿ ಕೂರದ ರೇಡಿಯೊದ ಹಾಗೆ ಸ್ಪೀಕರೊಂದು ಗೊರಗುಟ್ಟುತ್ತಿದೆ. ಅದರ ನಡುವೆ ಆಗೊಮ್ಮೆ ‘ಟಕ್’. ಸ್ವಲ್ಪ ಬಿಟ್ಟು ಇನ್ನೊಂದು ‘ಟಕ್’. ಒಂದೇ ಒಂದು ನರಕೋಶ ಒಮ್ಮೆ ಮಿಡಿದರೆ ಒಂದು ಟಕ್. ಮಿದುಳು ತನ್ನ ಕೆಲಸದಲ್ಲಿ ತೊಡಗಿರುವುದನ್ನು ನೀವು ಕಿವಿಯಾರೆ ಕೇಳುತ್ತಿದ್ದೀರಿ.

ಈಗ ಮೇಜು ಕಾಣುತ್ತದೆ. ಅದರ ಮೇಲೊಂದು ಬೆಕ್ಕು. ತಲೆ ಚೌಕಟ್ಟಿನಲ್ಲಿ, ಮುಖ ಚಾವಣಿಯ ಕಡೆಗೆ. ಅರಿವಳಿಕೆ ಕೊಟ್ಟಿದ್ದಾರೆ. ಕಣ್ಣುಗುಡ್ಡೆ ಅಲುಗದಿರಲೆಂದು ಸ್ನಾಯುಗಳನ್ನು ನಿಶ್ಚಲಗೊಳಿಸುವ ಮದ್ದೂ ಸೇರಿದೆ, ಹಾಗಾಗಿ ಉಸಿರಾಟ ಯಂತ್ರದ್ದು. ನೋಡಲು ಹಿತವಾದ ದೃಶ್ಯವಲ್ಲ. ಮಿದುಳಿನ ಬಗ್ಗೆ ನಾವಿಂದು ಸಲೀಸಾಗಿ ಆಡುವ ಎಷ್ಟೋ ಮಾತುಗಳ ಅಡಿಯಲ್ಲಿ ಈ ಮೇಜಿದೆ. ಅದನ್ನು ಮರೆಯದೆ ಮುಂದೆ ನೋಡೋಣ.

ಬೆಕ್ಕಿನ ಮಿದುಳಿನ ಹಿಂಭಾಗಕ್ಕೆ, ದೃಷ್ಟಿಗೆ ಮೀಸಲಾದ ತೊಗಟೆಯೊಳಕ್ಕೆ, ಟಂಗ್‌ಸ್ಟನ್ ತಂತಿಯೊಂದು ಇಳಿದಿದೆ. ಅದರ ಮೊನೆ ಬರಿಗಣ್ಣಿಗೆ ಕಾಣದಷ್ಟು ಚೂಪು. ಅದನ್ನು ರೂಪಿಸಿದವರು ಆ ಮೂಲೆಯಲ್ಲಿರುವ ಡೇವಿಡ್ ಹ್ಯೂಬೆಲ್, ಕೆನಡಾದಲ್ಲಿ ಹುಟ್ಟಿದವರು. ಪಕ್ಕದಲ್ಲಿರುವವರು ಸ್ವೀಡನ್ನಿನ ಟಾರ್ಸ್ಟೆನ್ ವೀಸೆಲ್. ಇಬ್ಬರೂ ಮೂವತ್ತು ದಾಟಿದವರು, ಜೊತೆಯಾಗಿ ಪ್ರಯೋಗ ಶುರುಮಾಡಿ ಸುಮಾರು ಒಂದು ತಿಂಗಳಾಗಿದೆ. ಹ್ಯೂಬೆಲ್ ನಿಜಕ್ಕೂ ಸೇರಬೇಕಿದ್ದದ್ದು ಇದೇ ವಿಶ್ವವಿದ್ಯಾಲಯದ ವರ್ನನ್ ಮೌಂಟ್‌ಕ್ಯಾಸಲ್ ಅವರ ಪ್ರಯೋಗಾಲಯವನ್ನು. ಅಲ್ಲಿ ರಿಪೇರಿ ನಡೆದಿದೆ. ಅದು ಮುಗಿಯುವವರೆಗೆ ಸ್ಟೀಫನ್ ಕಫ್ಲರ್ ಅವರ ಈ ನೆಲಮಾಳಿಗೆಯಲ್ಲಿ ಠಿಕಾಣಿ.

ಇವತ್ತಿನ ಕೋಶದ ಸಂಖ್ಯೆ 3004. ಮೂರು ಸಾವಿರ ಕೋಶ ಆಗಲೇ ನೋಡಿಬಿಟ್ಟರೇ ಎಂದು ಬೆರಗಾಗಬೇಡಿ. ಮೌಂಟ್‌ಕ್ಯಾಸಲ್ ನೂರಾರು ಕೋಶಗಳ ಲೆಕ್ಕ ಇಟ್ಟ ಘಟಾನುಘಟಿ. ಅವರೆದುರು ಸಪ್ಪಗೆ ಕಾಣಬಾರದೆಂದು ಇವರು ಎಣಿಕೆಯನ್ನು 3000ದಿಂದಲೇ ಹಿಡಿದಿದ್ದಾರೆ!

ಇನ್ನು ಉಪಕರಣ. ಕಣ್ಣಿನ ಡಾಕ್ಟರು ಕಣ್ಣೊಳಗೆ ಇಣುಕಲು ಬಳಸುವಂಥದ್ದನ್ನೇ ಮಾರ್ಪಡಿಸಿ, ಬೆಕ್ಕಿನ ಅಕ್ಷಿಪಟದ ಮೇಲೆ ಬೇಕಾದ ಕಡೆ ಬೆಳಕು ಬೀಳುವ ಹಾಗೆ ಮಾಡಿದ್ದಾರೆ. ಅದರಲ್ಲೊಂದು ಸೀಳು. ಸೀಳಿಗೆ ತೂರಿಸಲು ಎರಡು ಬಗೆಯ ಸ್ಲೈಡು. ಒಂದು ತೂತಿರುವ ಹಿತ್ತಾಳೆ ತಗಡು. ಅದನ್ನಿಟ್ಟರೆ ಬೆಳಕಿನ ಚುಕ್ಕಿ ಬೀಳುತ್ತದೆ. ಇನ್ನೊಂದು ಕಪ್ಪು ಬೊಟ್ಟು ಅಂಟಿಸಿದ ಗಾಜು; ಅದನ್ನಿಟ್ಟರೆ ಕತ್ತಲ ಚುಕ್ಕಿ.

ಚುಕ್ಕಿಯೇ ಯಾಕೆ? 1953ರಲ್ಲಿ ಕಫ್ಲರ್ ಬೆಕ್ಕಿನ ಕಣ್ಣಿನ ನರಕೋಶಗಳ ಗುಟ್ಟು ಹಿಡಿದದ್ದು ಚುಕ್ಕಿಯಿಂದ. ನಡುವೆ ಬೆಳಕು ಬಿದ್ದರೆ ಹುರುಪು, ಸುತ್ತ ಬಿದ್ದರೆ ಜಡತೆ. ಕೆಲವು ಕೋಶಗಳಲ್ಲಿ ಇದೇ ತಿರುಗಾಮುರುಗಾ. ಗುರುವಿನ ಮನೆಯಲ್ಲಿ ಚುಕ್ಕಿ ಗೆದ್ದಿರುವಾಗ ಶಿಷ್ಯರು ಚುಕ್ಕಿ ಹಿಡಿದೇ ಮೇಲಿನ ಅಂತಸ್ತಿಗೆ ಹೋಗುವುದು ಸಹಜ. ಆದರೆ ಆ ತಗಡನ್ನು ಇನ್ನೊಮ್ಮೆ ನೋಡಿ. ಅದರ ತೂತು ದುಂಡಗಿದೆ. ‘ಮಿದುಳಿನ ಕೋಶಕ್ಕೆ ಬೇಕಿರುವುದು ದುಂಡನೆಯದು’ ಎಂಬ ಊಹೆ ಯಾರ ಬಾಯಲ್ಲೂ ಬಂದಿಲ್ಲ. ಹಿತ್ತಾಳೆಯಲ್ಲೇ ಕೊರೆದು ಕೂತಿದೆ.

ಗಂಟೆಗಳು ಉರುಳುತ್ತವೆ. ಚುಕ್ಕಿ ಇಲ್ಲಿಟ್ಟರು, ಅಲ್ಲಿಟ್ಟರು. ಬೆಳಕಿನದಾಯಿತು, ಕತ್ತಲದಾಯಿತು. 3004 ಜಪ್ಪಯ್ಯ ಎಂದರೂ ಜಗ್ಗದು. ಮೂರು ನಾಲ್ಕು ಗಂಟೆಯ ಮೇಲೆ, ಅಕ್ಷಿಪಟದ ಒಂದು ಬದಿಯಲ್ಲಿ ಏನೋ ಅರೆಬರೆ ಸುಳಿವು. ಒಮ್ಮೆ ಮಿಡಿಯಿತು ಅನ್ನಿ, ಮತ್ತೆ ಹಾಗೆಯೇ ಮಾಡಿದರೆ ಸುಮ್ಮನೆ. ನಿಮಗೆ ಆಕಳಿಕೆ ಬಂದರೆ ತಪ್ಪಿಲ್ಲ. ಪ್ರಯೋಗವೆಂಬುದರ ಬಹುಪಾಲು ಇದೇ.

ಕಪ್ಪು ಬೊಟ್ಟಿನ ಗಾಜನ್ನು ಮತ್ತೊಮ್ಮೆ ಸೀಳಿಗೆ ತೂರಿಸುತ್ತಿದ್ದಾರೆ. ಆಗ ಸ್ಪೀಕರು ಸಿಡಿಯಿತು. ಕಾದ ಎಣ್ಣೆಗೆ ಬಿದ್ದ ಸಾಸಿವೆಯ ಹಾಗೆ ಚಟಪಟ ಚಟಪಟ. ಹ್ಯೂಬೆಲ್ ಮುಂದೆ ಇದನ್ನು ಮೆಷಿನ್‌ಗನ್ನಿನ ಸದ್ದಿಗೆ ಹೋಲಿಸಿದರು. ಗಾಜು ಪೂರ್ತಿ ಒಳಗೆ ಕೂತಿತು, ಕಪ್ಪು ಬೊಟ್ಟು ತನ್ನ ಜಾಗದಲ್ಲಿದೆ, ಕೋಶ ಮತ್ತೆ ಮೌನ.

ಇಲ್ಲಿ ಸ್ವಲ್ಪ ನಿಲ್ಲಿ. ನೀವಾಗಿದ್ದರೆ ಏನೆನ್ನುತ್ತಿದ್ದಿರಿ? ‘ಕೊನೆಗೂ ಚುಕ್ಕಿ ಹಿಡಿಸಿತು’ ಎಂದು ಕುಣಿಯಬಹುದಿತ್ತು. ‘ವೈರು ಸಡಿಲವಾಗಿರಬೇಕು’ ಎಂದು ಬದಿಗೆ ಸರಿಸಲೂಬಹುದಿತ್ತು. ಗದ್ದಲದ ನಡುವೆ ಕೇಳಿದ ಒಂದು ಸದ್ದು ಸುದ್ದಿಯೋ ಬರೀ ಸದ್ದೋ ಎಂಬುದು ಅದರ ಹಣೆಯ ಮೇಲೆ ಬರೆದಿರುವುದಿಲ್ಲ. ಅದನ್ನು ತೀರ್ಮಾನಿಸುವ ಒಂದೇ ದಾರಿಯೆಂದರೆ ಮತ್ತೆ ಮತ್ತೆ ಕೆಣಕಿ ನೋಡುವುದು. ಇವರು ಮಾಡಿದ್ದೂ ಅದನ್ನೇ.

ಒಂದಷ್ಟು ತಡಕಾಟದ ಮೇಲೆ ವಿಷಯ ತಿಳಿಯಿತು. ಬೊಟ್ಟಿಗೂ ಆ ಸಿಡಿತಕ್ಕೂ ಸಂಬಂಧವೇ ಇಲ್ಲ. ಗಾಜು ಸೀಳಿನೊಳಗೆ ಸರಿಯುವಾಗ ಅದರ ಅಂಚಿನ ನೆರಳು ಅಕ್ಷಿಪಟದ ಮೇಲೆ ಬೀಳುತ್ತಿತ್ತು. ತೀರ ತೆಳುವಾದ, ಆದರೆ ನೇರವಾದ ಒಂದು ಕಪ್ಪು ಗೆರೆ. ಕೋಶ ಕಾದಿದ್ದದ್ದು ಆ ಗೆರೆಗೆ. ಅದೂ ಎಂಥದ್ದೋ ಒಂದು ಗೆರೆಯಲ್ಲ: ಒಂದು ನಿರ್ದಿಷ್ಟ ಓರೆಯಲ್ಲಿ ಸರಿದರೆ ಮಾತ್ರ ಸಿಡಿತ, ಗೆರೆಯನ್ನು ಸಾಕಷ್ಟು ತಿರುಗಿಸಿದರೆ ನಿಶ್ಶಬ್ದ. ಈ ಒಂದೇ ಕೋಶದ ಜೊತೆ ಅವರು ಕಳೆದದ್ದು ಸುಮಾರು ಒಂಬತ್ತು ಗಂಟೆ.

ಇದನ್ನು ಅದೃಷ್ಟ ಎನ್ನುವುದು ವಾಡಿಕೆ. ಗಾಜಿನ ಅಂಚು ಅದೃಷ್ಟ, ನಿಜ. ಆದರೆ ಜರ್ಮನಿಯ ಫ್ರೈಬರ್ಗ್‌ನಲ್ಲಿ ರಿಚರ್ಡ್ ಯುಂಗ್ ಅವರ ತಂಡ ಇದೇ ತೊಗಟೆಯ ಕೋಶಗಳನ್ನು ಕಣ್ಣಿನ ಮೇಲೆ ಸಮನಾಗಿ ಹರಡಿದ ಬೆಳಕಿನಿಂದ ಪರೀಕ್ಷಿಸಿತ್ತು. ಎಷ್ಟೋ ಕೋಶಗಳು ಓಗೊಟ್ಟಿರಲಿಲ್ಲ. ಆ ಕೋಶಗಳೇನೂ ಮೂಕವಲ್ಲ. ಕೇಳಿದ ಪ್ರಶ್ನೆ ಅವುಗಳದ್ದಾಗಿರಲಿಲ್ಲ. ‘ಉತ್ತರ ಬರಲಿಲ್ಲ’ ಎಂಬುದು ಕೋಶದ ಬಗ್ಗೆ ಹೇಳುವಷ್ಟೇ ಪ್ರಶ್ನೆಯ ಬಗ್ಗೆಯೂ ಹೇಳುತ್ತದೆ. ಪ್ರಯೋಗವೆಂದರೆ ಮೊದಲೇ ಸಿದ್ಧವಿರುವ ಸಿದ್ಧಾಂತಕ್ಕೆ ಹೌದು-ಅಲ್ಲ ಹೇಳಿಸುವ ಪರೀಕ್ಷೆ ಎಂಬ ನಂಬಿಕೆ ಬಹುಕಾಲ ಇತ್ತು. ಪ್ರಯೋಗಕ್ಕೆ ತನ್ನದೇ ಬದುಕಿದೆ ಎಂದು ತತ್ವಜ್ಞಾನಿ ಇಯಾನ್ ಹ್ಯಾಕಿಂಗ್ 1983ರಲ್ಲಿ ವಾದಿಸಿದರು. ಆ ಮಾತಿನ ಅರ್ಥ ಬೇಕಾದವರು ಈ ನೆಲಮಾಳಿಗೆಗೆ ಬಂದರೆ ಸಾಕು. ಇಲ್ಲಿ ಉತ್ತರ ಮೊದಲು ಸಿಡಿಯಿತು, ಅದಕ್ಕೆ ತಕ್ಕ ಪ್ರಶ್ನೆಯನ್ನು ಆಮೇಲೆ ಕಟ್ಟಿದರು.

ಇನ್ನೊಂದು ದಿನಕ್ಕೆ ಬನ್ನಿ. ಕೋಣೆ ಸರ್ಕಸ್ ಡೇರೆಯಾಗಿದೆ. ಬೆಕ್ಕು ಮೇಲೆ ನೋಡುತ್ತಿರುವುದರಿಂದ ಚಾವಣಿಯೇ ಪರದೆಯಾಗಬೇಕು, ಅದಕ್ಕೆ ಹಾಸಿಗೆಯ ಬಿಳಿ ಬಟ್ಟೆಗಳನ್ನು ಮೇಲೆ ಇಳಿಬಿಟ್ಟಿದ್ದಾರೆ. ಅವುಗಳ ಮೇಲೆ ಈಗ ಚುಕ್ಕಿಗಳ ಜೊತೆ ಗೆರೆಗಳೂ ಓಡಾಡುತ್ತಿವೆ. ಕತ್ತೆತ್ತಿ ಎತ್ತಿ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಒಮ್ಮೆ ಮೌಂಟ್‌ಕ್ಯಾಸಲ್ ಒಳಗೆ ಬಂದು ಈ ಅವತಾರ ನೋಡಿ ದಂಗಾದರಂತೆ.

ಗೆರೆ ಸಿಕ್ಕಿತು, ಸರಿ. ಆದರೆ ‘ಹೇಗೆ’? ಕಣ್ಣಿನ ಕೋಶಗಳಿಗೆ ಹಿಡಿಸುವುದು ಚುಕ್ಕಿ. ಅವುಗಳಿಂದ ಸುದ್ದಿ ಪಡೆಯುವ ತೊಗಟೆಯ ಕೋಶಕ್ಕೆ ಗೆರೆಯ ರುಚಿ ಹತ್ತಿದ್ದು ಹೇಗೆ? 1962ರಲ್ಲಿ ಇಬ್ಬರೂ ಒಂದು ಚಿತ್ರ ಬರೆದು ಉತ್ತರ ಸೂಚಿಸಿದರು. ಅಂಗಳದಲ್ಲಿ ರಂಗೋಲಿ ಹಾಕುವವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಚುಕ್ಕಿ ಬಯಸುವ ಹಲವು ಕೋಶಗಳು ಒಂದು ಸಾಲಿನಲ್ಲಿವೆ ಎನ್ನಿ. ಅವೆಲ್ಲವುಗಳ ಎಳೆ ಒಂದೇ ಕೋಶಕ್ಕೆ ಬಂದು ಸೇರಿದರೆ, ಆ ಸಾಲಿನುದ್ದಕ್ಕೂ ಗೆರೆ ಬಿದ್ದಾಗ ಎಲ್ಲವೂ ಒಟ್ಟಿಗೆ ಕೂಗುತ್ತವೆ, ಮೇಲಿನ ಕೋಶ ಸಿಡಿಯುತ್ತದೆ. ಸಾಲು ಯಾವ ಓರೆಯಲ್ಲಿದೆಯೋ ಗೆರೆಯೂ ಅದೇ ಓರೆಯಲ್ಲಿರಬೇಕು.

ಚಿತ್ರ ಎಷ್ಟು ಚೆಂದವಿದ್ದರೂ ಚಿತ್ರವೇ. ಕೋಶ ಯಾವಾಗ ಮಿಡಿಯುತ್ತದೆ ಎನ್ನುವುದು ವರದಿ. ಯಾವ ಭಾಗ ಯಾವುದಕ್ಕೆ ಕೂಡಿಕೊಂಡು ಹಾಗೆ ಮಿಡಿಸುತ್ತದೆ ಎನ್ನುವುದು ವಿವರಣೆ. ಎರಡನೆಯದಕ್ಕೆ ಯಂತ್ರದೊಳಗೆ ಕೈ ಹಾಕಲೇಬೇಕು. 1996ರಲ್ಲಿ ಡೇವಿಡ್ ಫರ್ಸ್ಟರ್ ಮತ್ತು ಸಂಗಡಿಗರು ಬೆಕ್ಕಿನ ದೃಷ್ಟಿ ತೊಗಟೆಯನ್ನು ತಂಪುಮಾಡಿ, ಅಲ್ಲಿನ ಕೋಶಗಳು ತಮ್ಮತಮ್ಮಲ್ಲೇ ನಡೆಸುವ ಮಾತುಕತೆಯನ್ನು ಅಡಗಿಸಿದರು. ಕೆಳಗಿನಿಂದ ಬರುವ ಎಳೆಗಳಷ್ಟೇ ಉಳಿದವು. ಆಗಲೂ ಗೆರೆಯ ಓರೆಯ ಆಯ್ಕೆ ಬಹುಮಟ್ಟಿಗೆ ಹಾಗೆಯೇ ಇತ್ತು. ರಂಗೋಲಿಯ ಊಹೆಗೆ ಹೀಗೆ ಬಲ ಬರುವ ಹೊತ್ತಿಗೆ 34 ವರ್ಷ ಕಳೆದಿತ್ತು. ಹ್ಯೂಬೆಲ್ ಮತ್ತು ವೀಸೆಲ್ 1981ರಲ್ಲೇ ನೊಬೆಲ್ ಪಡೆದಾಗಿತ್ತು.

‘ಹೇಗೆ’ ಆಯಿತು. ‘ಏತಕ್ಕೆ’? ಅಂಚು ಗುರುತಿಸಲಿಕ್ಕೆ, ಇನ್ನೇತಕ್ಕೆ, ಎನ್ನುತ್ತದೆ ನಾಲಿಗೆ. ಅಲ್ಲೇ ಎಡವುವುದು. 1988ರಲ್ಲಿ, ಇದೇ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ, ಸಿಡ್ನಿ ಲೆಹ್ಕಿ ಮತ್ತು ಟೆರೆನ್ಸ್ ಸೆಜ್‌ನೋವ್‌ಸ್ಕಿ ಕಂಪ್ಯೂಟರಿನಲ್ಲಿ ಒಂದು ಸಣ್ಣ ನರಜಾಲ ಕಟ್ಟಿದರು. ಅದಕ್ಕೆ ಕಲಿಸಿದ್ದು ನುಣುಪಾದ ಮೇಲ್ಮೈಗಳ ನೆರಳು-ಬೆಳಕು ನೋಡಿ ಅವುಗಳ ಉಬ್ಬು-ತಗ್ಗು ಹೇಳುವುದನ್ನು. ಆ ಚಿತ್ರಗಳಲ್ಲಿ ಚೂಪಾದ ಅಂಚೇ ಇರಲಿಲ್ಲ. ಕಲಿಕೆ ಮುಗಿದ ಮೇಲೆ ಜಾಲದ ನಡುವಿನ ಘಟಕಗಳನ್ನು ಪರೀಕ್ಷಿಸಿದರೆ, ಅವು ಹ್ಯೂಬೆಲ್-ವೀಸೆಲ್‌ರ ಕೋಶಗಳ ಹಾಗೆಯೇ ಗೆರೆಗೆ ಓಗೊಡುವ ಘಟಕಗಳು! ಗೆರೆ ಹಿಡಿದು ಅವುಗಳ ಮುಂದೆ ನಿಂತವನು ಅವನ್ನು ಅಂಚು ಗುರುತಿಸುವವು ಎಂದೇ ಕರೆಯುತ್ತಿದ್ದ. ಅವುಗಳ ಕಸುಬು ಬೇರೆಯೇ ಆಗಿತ್ತು. ಬಾಗಿಲು ಬಡಿದಾಗ ನಾಯಿ ಬೊಗಳಿತು ಎಂದರೆ ಬಡಿತ ಎಣಿಸುವುದೇ ಅದರ ಕೆಲಸ ಎನ್ನಲಾದೀತೇ? ಕೋಶ ಯಾವುದಕ್ಕೆ ಮಿಡಿಯುತ್ತದೆ ಎಂಬುದು ಅದರ ಒಂದು ಮುಖ. ಆ ಮಿಡಿತವನ್ನು ಮುಂದೆ ಯಾರು ಕೇಳಿಸಿಕೊಳ್ಳುತ್ತಾರೆ, ಕೇಳಿ ಏನು ಮಾಡುತ್ತಾರೆ ಎಂಬುದು ಇನ್ನೊಂದು. ಬರೀ ಸ್ಪೀಕರಿಗೆ ಕಿವಿಗೊಟ್ಟು ಕೂತರೆ ಈ ಎರಡನೆಯದು ಕೇಳಿಸುವುದಿಲ್ಲ.

ಮತ್ತೆ ಮೊದಲಿನ ಕೋಣೆ, ಮೊದಲಿನ ದಿನ. 3004ರ ಒಂಬತ್ತು ಗಂಟೆ ಮುಗಿದಿದೆ. ಮೇಜಿನ ಮೇಲೆ ಕಪ್ಪು ಬೊಟ್ಟಿನ ಗಾಜು ಬಿದ್ದಿದೆ. ಎತ್ತಿ ನೋಡಿ. ಬೊಟ್ಟು ನಡುವೆಯೇ ಇದೆ, ಕಣ್ಣು ಅಲ್ಲಿಗೇ ಹೋಗುತ್ತದೆ. ಅಂಚಿಗೆ ಬೆರಳು ತಾಗಿದಾಗಲೇ ಅಲ್ಲೊಂದು ಅಂಚಿದೆ ಎಂದು ನಿಮಗೂ ನೆನಪಾಗುವುದು.