ಖಾನಾಪುರದ ಕಲ್ಲುಗುಡ್ಡವೂ ದ್ರಾಕ್ಷಿಯ ಬಳ್ಳಿಯೂ

ಬೆಳಗಾವಿಯಿಂದ ದಕ್ಷಿಣಕ್ಕೆ ಹೊರಟ ರೈಲು ದೇಸೂರು, ಇದಲಹೊಂಡಗಳನ್ನು ದಾಟಿ ಖಾನಾಪುರವನ್ನು ಸಮೀಪಿಸುವಷ್ಟರಲ್ಲಿ ನೆಲದ ರೂಪವೇ ಬದಲಾಗುವದು. ಬತ್ತದ ಗದ್ದೆಗಳಾಚೆ ಕೆಂಪು ಜಂಬಿಟ್ಟಿಗೆಯ ಗುಡ್ಡಗಳು. ಮೇಲೆ ಹಿಡಿಮಣ್ಣು, ಕೆಳಗೆಲ್ಲ ಕಲ್ಲು. ಇದನ್ನು ಕಂಡು ನಮ್ಮ ಸಂಗಡಿಗರೊಬ್ಬರು, ಫ್ರಾನ್ಸ ದೇಶದ ಹೆಸರಾಂತ ಸಿರಾ ದ್ರಾಕ್ಷಾರಸವು ಇಂತಹ ಕಲ್ಲುಗುಡ್ಡಗಳಲ್ಲಿಯೇ ಹುಟ್ಟುವದಷ್ಟೆ, ಇಲ್ಲಿಯೂ ಏಕೆ ಆಗಬಾರದೆಂದು ಕೇಳಿದರು.

ಮದ್ಯದ ಮಾತೆಂದು ವಾಚಕರು ಹುಬ್ಬು ಗಂಟಿಕ್ಕಬೇಕಾಗಿಲ್ಲ. ನಮ್ಮ ಚಿಂತೆಯು ಕುಡಿಯುವವರದಲ್ಲ; ರೈತನು ಹೂಡಿದ ಹಣದ್ದು.

ಸಿರಾ ತಳಿಗೆ ಶಿರಾಜ್ ಎಂದೂ ಹೆಸರುಂಟು. ಪಾರಸಿಕರ ಶಿರಾಜ್ ಪಟ್ಟಣವೇ ಅದರ ತವರೆಂಬ ಕಥೆ ಬಹುಕಾಲ ನಡೆದಿತ್ತು. 1990ರ ದಶಕದ ಕೊನೆಯಲ್ಲಿ ನಡೆದ ವಂಶವಾಹಿ ಪರೀಕ್ಷೆಯಿಂದ ಅದರ ತಾಯಿತಂದೆಗಳೆರಡೂ ಫ್ರಾನ್ಸಿನ ಆಗ್ನೇಯ ಭಾಗದವೆಂದು ತಿಳಿಯಿತು. ರೋನ್ ನದಿಯ ದಂಡೆಯಲ್ಲಿರುವ ಹರ್ಮಿಟಾಜ್ ಗುಡ್ಡದ ಕರಿಗಲ್ಲು ನೆಲ ಅದರ ಕೀರ್ತಿಯ ನೆಲೆ. ಕಲ್ಲುನೆಲದಲ್ಲಿ ನೀರು ನಿಲ್ಲದು. ಬೇರು ಆಳಕ್ಕಿಳಿಯುವದು, ಬಳ್ಳಿಯ ಸೊಕ್ಕು ಅಡಗುವದು, ಹಣ್ಣು ಸಣ್ಣದಾಗಿ ಸಿಪ್ಪೆಯ ಪಾಲು ಹೆಚ್ಚುವದು. ಬಣ್ಣವೆಲ್ಲ ಸಿಪ್ಪೆಯಲ್ಲಿಯೇ ಇದೆ, ಒಳಗಿನ ರಸಕ್ಕೆ ಬಣ್ಣವಿಲ್ಲ. ಆದುದರಿಂದಲೇ ಹಣ್ಣನ್ನು ಜಜ್ಜಿ ಸಿಪ್ಪೆಸಹಿತ ತೊಟ್ಟಿಯಲ್ಲಿ ಹುದುಗಲು ಬಿಡುವರು. ತೇಲಿಬಂದ ಸಿಪ್ಪೆಯನ್ನು ದಿನವೂ ಒತ್ತಿ ಮುಳುಗಿಸಿ, ಒಂದೆರಡು ವಾರಗಳ ಮೇಲೆ ಹಿಂಡಿ, ರಸವನ್ನು ಪೀಪಾಯಿಗಳಲ್ಲಿ ತಿಂಗಳುಗಟ್ಟಲೆ ಮಾಗಿಸುವರು.

ಖಾನಾಪುರದಲ್ಲಿ ಕಲ್ಲೇನೋ ಇದೆ, ಆದರೆ ಆಕಾಶ ಒಪ್ಪದು. ಬೆಳಗಾವಿಯಲ್ಲಿ ವರ್ಷಕ್ಕೆ ಸುಮಾರು 1,300 ಮಿಲಿಮೀಟರು ಮಳೆ; ಮಲಪ್ರಭೆ ಹುಟ್ಟುವ ಕಣಕುಂಬಿಯಲ್ಲಿ ಅದು 3,000ವನ್ನೂ ಮೀರುವದು. ನಮ್ಮ ಸೀಮೆಯಲ್ಲಿ ದ್ರಾಕ್ಷಿಬಳ್ಳಿಗೆ ಚಳಿಗಾಲದ ನಿದ್ರೆಯಿಲ್ಲವಾದ್ದರಿಂದ ಎರಡು ಸಲ ಚಾಟಣಿ ಮಾಡಬೇಕು: ಏಪ್ರಿಲ್ ಸುಮಾರಿಗೆ ಕಡ್ಡಿಗಾಗಿ, ಅಕ್ಟೋಬರ್ ಸುಮಾರಿಗೆ ಹಣ್ಣಿಗಾಗಿ. ನಡುವೆ ಮಳೆಗಾಲವಿಡೀ ಎಲೆಯನ್ನು ಉಳಿಸಿಕೊಳ್ಳಬೇಕು. ಎಡೆಬಿಡದ ಮಳೆಯಲ್ಲಿ ಬೂಜುತುಪ್ಪಟ ರೋಗ ತಗಲಿ ಎಲೆ ಉದುರಿದರೆ ಮುಂದಿನ ಫಸಲು ಕುಗ್ಗುವದು. ಔಷಧ ಸಿಂಪಡಿಸಿದರೆ ಮಳೆಯೇ ಅದನ್ನು ತೊಳೆದೊಯ್ಯುವದು. ಆದುದರಿಂದ ಇದೇ ಜಿಲ್ಲೆಯ ದ್ರಾಕ್ಷಿಯು ಮಳೆ ಕಡಿಮೆಯಾದ ಅಥಣಿಯ ಕಡೆಗೆ ನೆಲೆಸಿತು. ಸಿರಾ ತಳಿಯನ್ನಂತೂ ನಂದಿಬೆಟ್ಟದ ಅಡಿಯಲ್ಲಿ, 1988ರಲ್ಲಿ ಸ್ಥಾಪಿತವಾದ ಗ್ರೋವರ್ ತೋಟದವರು ಬೆಳೆಸಿದ್ದಾರೆ. ಕೊಪ್ಪಳ ಜಿಲ್ಲೆಯ ಬಂಡೆನೆಲದಲ್ಲಿಯೂ ಬೆಳೆಯುತ್ತಾರೆ.

ಇನ್ನೊಂದು ತೊಡಕೂ ಉಂಟು, ನಮ್ಮ ಎಣಿಕೆಯಲ್ಲಿ ಇದೇ ದೊಡ್ಡದು. ಕಂಬ ತಂತಿಗಳ ಖರ್ಚು ಮೊದಲು, ಫಸಲು ಎರಡು ಮೂರು ವರ್ಷಗಳ ಮೇಲೆ. ಸಿರಾ ಹಣ್ಣೋ ಸಣ್ಣದು, ಬೀಜ ತುಂಬಿದ್ದು. ದ್ರಾಕ್ಷಾರಸದ ಕಾರಖಾನೆಯವರು ಒಲ್ಲೆವೆಂದರೆ ಬೆಳಗಾವಿಯ ಪೇಟೆಯಲ್ಲಿ ಅದನ್ನು ಯಾವ ಗೃಹಿಣಿ ಕೊಳ್ಳುವಳು?

ಖಾನಾಪುರದ ಗುಡ್ಡಕ್ಕೆ ಒಗ್ಗಿದ್ದು ಗೇರುಮರ. ಅದಕ್ಕೆ ಚಪ್ಪರ ಬೇಡ. ಹಣ್ಣೂ ಬಹುಮಟ್ಟಿಗೆ ಮಳೆಗೆ ಮೊದಲೇ ಕೈಗೆ ಬರುವದು. ಚೋರ್ಲಾ ಘಟ್ಟದಾಚೆಯ ಗೋವೆಯವರು ಅದೇ ಹಣ್ಣಿನಿಂದ ಫೆನಿಯನ್ನಿಳಿಸಿ, 2009ರಲ್ಲಿ ಭೌಗೋಳಿಕ ಗುರುತಿನ ಮುದ್ರೆಯನ್ನೂ ಪಡೆದರು. ಫೆನಿ ಬೇಡವಾದವರು ಶರಬತ್ತು ಮಾಡಿಕೊಳ್ಳಬಹುದು. ಸಿ ಜೀವಸತ್ವವು ಕಿತ್ತಳೆಗಿಂತ ಗೇರುಹಣ್ಣಿನಲ್ಲಿ ಹಲವು ಪಾಲು ಹೆಚ್ಚು. ಆದರೆ ಬಿದ್ದ ಹಣ್ಣನ್ನು ಅಂದೇ ಹಿಂಡಬೇಕು. ಮರುದಿನಕ್ಕೆ ಅದು ಕೊಳೆಯತೊಡಗುವದು.